ಬಿಸಿಲಿನ ಖಾತೆ ಯಾರ ಹೆಸರಿನಲ್ಲಿದೆ?

ನಮ್ಮ ಮನೆಯಲ್ಲಿ ಸೌರಶಕ್ತಿ ಶುರುವಾದದ್ದು ಅಜ್ಜಿಯ ಕಾಲಕ್ಕೆ. ಯೋಜನೆಯ ಹೆಸರು ಸಂಡಿಗೆ. ಶಿವರಾತ್ರಿ ಕಳೆದು, ಚಳಿ ಶಿವಶಿವಾ ಎಂದು ಊರು ಬಿಟ್ಟ ಮೇಲೆ ಅಂಗಳದಲ್ಲಿ ಅಜ್ಜನ ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿ ಸಾಲಾಗಿ ಸಂಡಿಗೆ ಇಡುತ್ತಿದ್ದರು. ಮನೆಯ ಮಕ್ಕಳಲ್ಲಿ ಮಗ್ಗಿ ಬಾರದವನೊಬ್ಬನ ಕೈಗೆ ಕೋಲು ಕೊಟ್ಟು ಕಾಗೆ ಕಾಯಲು ಕೂರಿಸುತ್ತಿದ್ದರು. ಅದು ನಿರ್ವಹಣಾ ವಿಭಾಗ. ಆ ಹುಡುಗ ನಾನೇ. ಮುಂದೆ ಪ್ರೈಮರಿ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿ ರಿಟೈರಾದದ್ದು ಬೇರೆ ಮಾತು. ಆ ಯೋಜನೆಗೆ ಅರ್ಜಿ ಇರಲಿಲ್ಲ, ಮೀಟರ್ ಇರಲಿಲ್ಲ, ಸಬ್ಸಿಡಿಯಂತೂ ಇರಲೇ ಇಲ್ಲ. ಮೂರು ದಿನದ ಬಿಸಿಲು ವರ್ಷವಿಡೀ ಡಬ್ಬದಲ್ಲಿ ಉಳಿಯುತ್ತಿತ್ತು. ಬ್ಯಾಟರಿ ಅಂದರೆ ಇದು.

ಅಂಗಳ ಹೋಗಿ ತಾರಸಿ ಬಂತು, ಅಜ್ಜಿ ಹೋಗಿ ಅಮ್ಮನ ಕಾರುಬಾರು ಬಂತು, ಯೋಜನೆ ಮಾತ್ರ ನಡೆಯುತ್ತಲೇ ಇತ್ತು. ಎಷ್ಟು ಸರ್ಕಾರ ಬದಲಾದರೂ ಹೆಸರು ಬದಲಾಗದ ಯೋಜನೆ ಅಂತ ನಾನು ಕಂಡಿರುವುದು ಇದೊಂದೇ. ಅದು ನಿಂತದ್ದು ಹೋದ ವರ್ಷ, ನಾನು ತಾರಸಿಗೆ ಸೋಲಾರ್ ಹಾಕಿಸಿದಾಗ.

ನಮ್ಮದು ಶೆಟ್ಟಿಹಳ್ಳಿ. ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಹತ್ತಿರ ಹತ್ತಿರ. ಹೆಸರು ಹೇಳಿದರೆ ಸಾಕು, ಬೆಂಗಳೂರಿನವರು 'ಓ, ಆ ಮುಳುಗೋ ಚರ್ಚ್!' ಎನ್ನುತ್ತಾರೆ. ಅದೇ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು. ಗೊರೂರಿನ ಹತ್ತಿರ ಹೇಮಾವತಿಗೆ 1979ರಲ್ಲಿ ಅಣೆಕಟ್ಟು ಮುಗಿದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಕಟ್ಟೆ ತುಂಬಿದರೆ 2,922 ಅಡಿ, 37 ಟಿಎಂಸಿ. ಆ ನೀರು ಮಂಡ್ಯಕ್ಕೆ ಹೋಗುತ್ತದೆ, ತುಮಕೂರಿಗೆ ಹೋಗುತ್ತದೆ; ಚರ್ಚಿನ ಫೋಟೊ ಇನ್‌ಸ್ಟಾಗ್ರಾಂಗೆ ಹೋಗುತ್ತದೆ. ನಾವು ಎತ್ತರದ ಜಾಗಕ್ಕೆ ಹೋದೆವು. ನಾಡಿನ ಒಳಿತಿಗೆ ಒಂಚೂರು ಜರುಗಿ ಅಂದರು, ಪಾತ್ರೆ ಪಡಗ ಹೊತ್ತು ಜರುಗಿದೆವು. ಅಂದಿನಿಂದ ಯಾವ ಸರ್ಕಾರಿ ಯೋಜನೆಯ ಹೆಸರು ಕೇಳಿದರೂ ನಮ್ಮೂರಿನ ಹಳಬರು ಮೊದಲು ಪಂಚೆ ಎತ್ತಿ ಕಟ್ಟುತ್ತಾರೆ.

ಚರ್ಚಿಗೆ ಈಗ ಸೂರಿಲ್ಲ. ಕಂಬ, ಕಮಾನು, ಗೋಡೆ ಅಷ್ಟೇ. ತೆಂಗಿನ ಮರದ ಕಾಟವಿಲ್ಲ, ಪಕ್ಕದ ಮನೆಯ ಮಹಡಿಯಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಸುರಿಯುತ್ತದೆ. ನಮ್ಮ ಮನೆ ಸರ್ವೆ ಮಾಡಲು ಬಂದಿದ್ದ ಸೋಲಾರ್ ಕಂಪನಿ ಹುಡುಗ ಅದನ್ನು ನೋಡಿ ನಿಟ್ಟುಸಿರು ಬಿಟ್ಟ. "ಸೂಪರ್ ಸೈಟ್ ಸಾರ್. ಯಾರ ಹೆಸರಲ್ಲಿದೆ?"

ನಾನು ಸೋಲಾರಿನ ಕಡೆ ವಾಲಿದ್ದು ಭೂಮಿ ಬಿಸಿಯಾಗುತ್ತಿದೆ ಎಂಬ ಸಂಕಟದಿಂದಲ್ಲ. 'ಉಚಿತ'ದ ಕೈಲಿ ಏಟು ತಿಂದು. 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಗೃಹಜ್ಯೋತಿ ಹಚ್ಚಿತು. ತಿಂಗಳಿಗೆ 200 ಯೂನಿಟ್ ಉಚಿತ ಎಂದು ಬ್ಯಾನರಿನಲ್ಲಿ ದಪ್ಪಕ್ಷರ. ಸಣ್ಣಕ್ಷರದಲ್ಲಿ ಇದ್ದದ್ದು ಬೇರೆ: ನೀವು ಹಿಂದಿನ ವರ್ಷ ಉರಿಸಿದ್ದರ ಸರಾಸರಿ, ಅದರ ಮೇಲೆ ಶೇ 10, ಅಷ್ಟು ಮಾತ್ರ. ಅಂದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಾಗ ಲೈಟು ಆರಿಸಿ, ತಿಂಗಳಿಗೆ 60 ಯೂನಿಟ್‌ನಲ್ಲಿ ಸಂಸಾರ ತೂಗಿಸಿದವನಿಗೆ 66 ಉಚಿತ. ಹಗಲೂ ರಾತ್ರಿ ಗೀಸರ್ ಕುದಿಸಿ 180 ಸುಟ್ಟವನಿಗೆ 198. ಮಿತವ್ಯಯದ ಲೆಕ್ಕವನ್ನು ಮೂವತ್ತು ವರ್ಷ ಮಕ್ಕಳಿಗೆ ಬೆತ್ತ ಹಿಡಿದು ಮಾಡಿಸಿದವನು ನಾನು. ಉತ್ತರವೇ ತಪ್ಪಿತ್ತು.

ನಮ್ಮ ಸರಾಸರಿ 170, ಹಕ್ಕು 187. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದರೆ ಬುಡದಿಂದಲೇ ಪೂರ್ತಿ ಬಿಲ್ಲು. ಹೀಗಾಗಿ ತಿಂಗಳ ಕೊನೆಯ ವಾರ ನಮ್ಮ ಮನೆ ಕ್ರಿಕೆಟ್ಟಿನ ಕೊನೆಯ ಓವರಿನಂತಿರುತ್ತಿತ್ತು. ನಾನು ದಿನಕ್ಕೆ ಮೂರು ಸಲ ಮೀಟರ್ ಬೋರ್ಡಿನ ಮುಂದೆ ನಿಂತು ಸ್ಕೋರು ಕೂಗುವುದು, ಒಳಗಿನಿಂದ ಹೆಂಡತಿ "ರೀ, ಇಡ್ಲಿಗೆ ರುಬ್ಬೋದೋ ಬೇಡ್ವೋ ಅಷ್ಟು ಹೇಳಿ" ಅನ್ನುವುದು. ಹೋದ ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಮಗ ಬಂದ. ಮನೆಯಿಂದಲೇ ಕೆಲಸವಂತೆ, ಎರಡು ಪರದೆ, ಒಂದು ಕೂಲರ್. 214 ಯೂನಿಟ್. ಬಿಲ್ಲು ಪೂರ್ತಿ ಬಂತು. ಹೆತ್ತ ಮಗ ಹದಿನಾಲ್ಕು ಯೂನಿಟ್‌ನಿಂದ ಅಪ್ಪನನ್ನು ಸೋಲಿಸಿದ.

ಅಷ್ಟು ಹೊತ್ತಿಗೆ ದಿಲ್ಲಿಯಿಂದಲೂ ಒಂದು ಉಚಿತ ಹೊರಟಿತ್ತು. 2024ರ ಫೆಬ್ರುವರಿಯಲ್ಲಿ ಸಂಪುಟ ಒಪ್ಪಿಗೆ ಕೊಟ್ಟ ಪಿಎಂ ಸೂರ್ಯಘರ್ ಮುಫ್ತ್ ಬಿಜ್ಲಿ ಯೋಜನೆ. ಒಂದು ಕೋಟಿ ಮನೆ, 75,021 ಕೋಟಿ ರೂಪಾಯಿ, ತಿಂಗಳಿಗೆ 300 ಯೂನಿಟ್. ಉಚಿತ ಎಂದರೆ ನಮಗೆ ತಿಳಿಯುತ್ತದೆ, ಪುಕ್ಕಟೆ ಎಂದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 'ಮುಫ್ತ್' ಎಂದರೇನು ಎಂದು ಅಮ್ಮ ಕೇಳಿದರು. ಬೆಂಗಳೂರಿನ ಉಚಿತ 200, ದಿಲ್ಲಿಯ ಮುಫ್ತ್ 300, ಎರಡೂ ನಮ್ಮ ಮೀಟರ್ ಬೋರ್ಡಿನ ಮುಂದೆ ಚುನಾವಣೆಗೆ ನಿಂತವರ ಹಾಗೆ ಕೈಮುಗಿದು ನಿಂತವು.

ಈ ಎರಡು ಉಚಿತಗಳು ಒಂದರ ಮುಖ ಒಂದು ನೋಡಿದ ಹಾಗೆ ಕಾಣುವುದಿಲ್ಲ. ನೋಡಿದ್ದರೆ ಒಂದು ಸಣ್ಣ ಪ್ರಶ್ನೆ ಏಳುತ್ತಿತ್ತು: ಬಿಲ್ಲೇ ಬಾರದವನು ಸಾಲ ಮಾಡಿ ಸೋಲಾರ್ ಯಾಕೆ ಹಾಕಿಸುತ್ತಾನೆ? ಹಾಕಿಸುವುದಿಲ್ಲ. ಹಾಕಿಸುವವನು ತಿಂಗಳಿಗೆ 200ರ ಮೇಲೆ ಸುಡುವವನು, ಸ್ವಂತ ಆರ್‌ಸಿಸಿ ತಾರಸಿ ಇರುವವನು, ಮೊದಲೇ ಎರಡು ಲಕ್ಷ ಎಣಿಸುವ ತಾಕತ್ತಿರುವವನು. ಅವನಿಗೆ ಸರ್ಕಾರ ಮೇಲಿಂದ 78,000 ಕೊಡುತ್ತದೆ. ಹೆಂಚಿನ ಮನೆಯವನು ಗೃಹಜ್ಯೋತಿಯ ಪಟ್ಟಿಯಲ್ಲಿ ಆರಾಮವಾಗಿದ್ದಾನೆ. ಬಡವನ ಮನೆಗೆ ರಾಯಚೂರಿನ ಕಲ್ಲಿದ್ದಲು, ಅನುಕೂಲಸ್ಥನ ಮನೆಗೆ ಸೂರ್ಯನಾರಾಯಣ. ಸಮಾಜವಾದ ಹೀಗೂ ಬರಬಹುದು ಎಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಇಷ್ಟು ಬಲ್ಲವನು ನೀನ್ಯಾಕೆ ಹಾಕಿಸಿದೆ ಎಂದು ಕೇಳಬಹುದು. ಹೇಳಿದೆನಲ್ಲ, ಹದಿನಾಲ್ಕು ಯೂನಿಟ್.

ಸೋಲಾರ್ ಹುಡುಗ ಬಲು ಜಾಣ. "ಹಾಸನ ಬಡವರ ಊಟಿ ಸಾರ್. ಪ್ಯಾನೆಲ್‌ಗೆ ಬೆಳಕು ಬೇಕು, ಬಿಸಿ ಬೇಡ. ಬಿಸಿ ಜಾಸ್ತಿ ಆದಷ್ಟೂ ಕರೆಂಟ್ ಕಮ್ಮಿ. ಕಲಬುರಗಿಗಿಂತ ನೀವೇ ಪುಣ್ಯವಂತರು" ಎಂದ. ಅವನ ವಿಜ್ಞಾನ ಸರಿಯಾಗಿಯೇ ಇತ್ತು. ಆಷಾಢದ ಮೋಡದ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಮೂರು ಕಿಲೋವ್ಯಾಟ್ ಅಂದರೆ 540 ವ್ಯಾಟ್‌ನ ಆರು ಪ್ಯಾನೆಲ್, ಒಳ್ಳೆಯ ಬಿಸಿಲಿಗೆ ದಿನಕ್ಕೆ ಹನ್ನೆರಡು ಯೂನಿಟ್. ಸಬ್ಸಿಡಿಯ ಲೆಕ್ಕ ಹೀಗೆ: ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಆಮೇಲೆ ನೀವು ಹತ್ತು ಕಿಲೋವ್ಯಾಟ್ ಹಾಕಿದರೂ 78,000ದಿಂದ ಒಂದು ಪೈಸೆ ಮೇಲೆ ಏಳುವುದಿಲ್ಲ.

"ಅಂದ್ರೆ ನಾನು ಕೊಡ್ಬೇಕಾದ್ದು ಬಾಕಿ ಮಾತ್ರ ತಾನೇ?"

"ಇಲ್ಲ ಸಾರ್, ಈಗ ಪೂರ್ತಿ ನೀವೇ. ಎಲ್ಲ ಮುಗಿದು ಮೀಟರ್ ಕೂತ್ಮೇಲೆ ನಿಮ್ಮ ಅಕೌಂಟಿಗೆ."

ಇದು ಮದುವೆ ಮನೆಯ ಮುಯ್ಯಿ ಇದ್ದ ಹಾಗೆ. ಬಂದೇ ಬರುತ್ತದೆ, ಆದರೆ ಊಟ ಹಾಕಿದ ಮೇಲೆ.

ಇನ್ನು ಕಾಗದಪತ್ರ. ಆ ಕಚೇರಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಮುಂದೆ ರಿಪೇರಿಗೆ ಕೊಟ್ಟಾಗ ನನ್ನ ಮೀಟರ್ ಆರು ತಿಂಗಳು ಬರುವುದಿಲ್ಲ. ಅಲ್ಲಿ ಕಿಟಕಿಯ ಹಿಂದೆ ಕೂತಿದ್ದವರು ಆರ್‌ಆರ್ ನಂಬರ್ ಒತ್ತಿ ನೋಡಿ, "ಇದು ನಿಮ್ಮ ಹೆಸರಲ್ಲಿಲ್ವಲ್ಲ" ಎಂದರು. ನಿಜ. ಮುಳುಗಡೆಯಾಗಿ ಹೊಸ ಜಾಗದಲ್ಲಿ ಮನೆ ಕಟ್ಟಿದಾಗ ಸಂಪರ್ಕ ಪಡೆದವರು ನಮ್ಮಜ್ಜ. ಅವರು ತೀರಿಕೊಂಡು ಮೂವತ್ತೊಂದು ವರ್ಷ. ಅಷ್ಟೂ ವರ್ಷ ತಿಂಗಳು ತಪ್ಪದೆ ಅವರ ಹೆಸರಿಗೆ ಬಿಲ್ಲು ಬಂದಿದೆ, ಅವರೇ ಕಟ್ಟಿದ್ದಾರೆ ಎಂದು ರಸೀದಿಯೂ ಬಂದಿದೆ. ಗೃಹಜ್ಯೋತಿಗೆ ಆಧಾರ್ ಜೋಡಿಸಿದಾಗಲೂ ಅಜ್ಜ ಸತ್ತದ್ದು ಯಾರಿಗೂ ಅಡ್ಡಿಯಾಗಲಿಲ್ಲ. ಬಿಲ್ಲು ಕಟ್ಟಲು ಬದುಕಿದ್ದ ಅಜ್ಜ, ಕರೆಂಟು ಮಾರುವ ಮಾತು ಬಂದ ಕೂಡಲೇ ಕಾನೂನಿನ ಪ್ರಕಾರ ಸಾಯಬೇಕಾಯಿತು.

ಮರಣ ಪ್ರಮಾಣಪತ್ರ ಬೇಕು. ಅಜ್ಜ ಹೋದದ್ದು ಮನೆಯಲ್ಲಿ, ಆಗ ಯಾರು ಬರೆಸಿದರು? ನಾಡಕಚೇರಿಯಿಂದ ವಂಶವೃಕ್ಷ ಬೇಕು. ವಂಶವೃಕ್ಷ ಎಂದರೆ ಚಿಕ್ಕಪ್ಪಂದಿರು, ಅತ್ತೆಯರು, ಅವರ ಮಕ್ಕಳು, ಎಲ್ಲರ ಒಪ್ಪಿಗೆ. ನಲವತ್ತು ವರ್ಷದಿಂದ ಮನೆ ಭಾಗದ ಮಾತೆತ್ತದೆ ಸುಖವಾಗಿದ್ದವರಿಗೆ ನಾನು ಹೋಗಿ "ಮೀಟರಿಗೆ ಒಂದು ಸೈನ್ ಹಾಕಿ" ಎಂದೆ. "ಮೀಟರ್ ಮಾತ್ರಾನೋ, ಸೈಟೂ ಸೇರೋ?" ಎಂದು ಶುರುವಾಯಿತು. ಸೂರ್ಯನಿಂದ ಕರೆಂಟು ಹುಟ್ಟುವುದು ತಡವಾಯಿತು, ಜಗಳ ಬೇಗ ಹುಟ್ಟಿತು.

ಲೋಡ್ ಕೂಡ ಸಾಲದು ಎಂದರು. ಅಜ್ಜ ಒಂದು ಕಿಲೋವ್ಯಾಟ್ ಮಂಜೂರು ಮಾಡಿಸಿಕೊಂಡಿದ್ದರು. ಮೂರರ ಸೋಲಾರಿಗೆ ಮೂರರ ಲೋಡ್ ಬೇಕು. ಲೋಡ್ ಏರಿದರೆ ಡಿಪಾಸಿಟ್ ಏರುತ್ತದೆ, ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ. ನಾನು ಒಂದೂ ಯೂನಿಟ್ ತೆಗೆದುಕೊಳ್ಳದಿದ್ದರೂ ಅದು ತಿಂಗಳು ತಿಂಗಳು ಕಟ್ಟಬೇಕಾದದ್ದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಮಾಡಿದಾಗ, ಬಿಸಿಲು ಬೀಳುವ ಜಮೀನಿಗೆ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಗೊತ್ತು ಮಾಡಿದರು. ನಮ್ಮ ತಾರಸಿಯಲ್ಲಿ ಲೆಕ್ಕ ತಿರುಗುಮುರುಗು. ಬಿಸಿಲು ನಮ್ಮ ಮನೆ ಮೇಲೆ ಬೀಳುತ್ತದೆ, ಬಾಡಿಗೆಯೂ ನಾವೇ ಕಟ್ಟುತ್ತೇವೆ.

ಕೇಂದ್ರದ 2024ರ ತಿದ್ದುಪಡಿ ನಿಯಮ ಚಿನ್ನದಂಥದ್ದು. ಹತ್ತು ಕಿಲೋವ್ಯಾಟ್‌ವರೆಗಿನ ಸೋಲಾರಿಗೆ ತಾಂತ್ರಿಕ ಪರಿಶೀಲನೆಯೇ ಬೇಡ, ಅರ್ಜಿ ಹಾಕಿದರೆ ಒಪ್ಪಿಗೆ ಸಿಕ್ಕಂತೆಯೇ; ಕೆಲಸ ಮುಗಿದ ಮೇಲೆ ಚಾಲೂ ಮಾಡಿಕೊಡಲು 15 ದಿನ, ಅದಕ್ಕೆ ಮೊದಲು 30 ಇತ್ತು. ನಾನು ಆ ನಿಯಮವನ್ನು ಪ್ರಿಂಟ್ ತೆಗೆಸಿ, ಕೆಳಗೆ ಕೆಂಪು ಗೆರೆ ಎಳೆದು ಕಿಟಕಿಯಲ್ಲಿ ಕೊಟ್ಟೆ. ಅವರು ಬಹಳ ಗೌರವದಿಂದ ಓದಿದರು. "ಚೆನ್ನಾಗಿದೆ" ಎಂದರು. ಹದಿನೈದು ದಿನ ಎಂದಿಗೆ ಶುರುವಾಗುತ್ತದೆ ಎಂದು ಕೇಳಿದೆ. "ಕೆಲಸ ಮುಗಿದ ಮೇಲೆ." ಕೆಲಸ ಎಂದಿಗೆ ಮುಗಿದಂತೆ? "ನಾವು ಬಂದು ನೋಡಿದ ಮೇಲೆ." ಬಂದು ನೋಡುವುದು? ಅಷ್ಟರಲ್ಲಿ ಊಟದ ಹೊತ್ತಾಯಿತು.

ತಾರಸಿಯ ಮೇಲಿನ ಪಾಡು ಇನ್ನೊಂದು. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚೂಕಡಿಮೆ ಅಷ್ಟೇ ಡಿಗ್ರಿ ಬಾಗಿ ನಿಂತರೆ ವರ್ಷಪೂರ್ತಿ ಒಳ್ಳೆಯ ಫಸಲು. ದಕ್ಷಿಣ ಎಂದಾಕ್ಷಣ ಅಮ್ಮ "ಯಮನ ದಿಕ್ಕಿಗೆ ಕನ್ನಡಿ ಹಿಡೀತೀಯೇನ್ಲಾ?" ಎಂದರು. ಅದು ಹೇಗೋ ಸಮಾಧಾನವಾಯಿತು. ಸಮಾಧಾನವಾಗದ್ದು ನೀರಿನ ಟ್ಯಾಂಕು. ವಾಸ್ತು ಪ್ರಕಾರ ನೈರುತ್ಯ ಎತ್ತರವಿರಬೇಕು. ಆದ್ದರಿಂದ ಜಿಲ್ಲೆಯ ಮುಕ್ಕಾಲು ಮನೆಗಳ ಟ್ಯಾಂಕು ನೈರುತ್ಯದ ಮೂಲೆಯಲ್ಲಿ ಕಟ್ಟೆಯ ಮೇಲೆ ಕೂತಿರುತ್ತದೆ. ಪ್ಯಾನೆಲ್ ಮುಖ ದಕ್ಷಿಣಕ್ಕೆ, ಮಧ್ಯಾಹ್ನದ ಮೇಲೆ ಸೂರ್ಯ ಪಶ್ಚಿಮಕ್ಕೆ. ನಡುವೆ ಯಾರು? ಸಾವಿರ ಲೀಟರಿನ ಕಪ್ಪು ಟ್ಯಾಂಕು, ಪಹರೆಯವನ ಹಾಗೆ. ಮೂರು ಗಂಟೆಯಾದರೆ ಅದರ ನೆರಳು ಒಂದೊಂದೇ ಪ್ಯಾನೆಲ್ ನುಂಗುತ್ತದೆ. ಲಕ್ಷ್ಮಿ ಮನೆ ಬಿಟ್ಟು ಹೋಗಬಾರದು ಎಂದು ಇಟ್ಟ ಟ್ಯಾಂಕು ಸೂರ್ಯ ಮನೆಯೊಳಗೆ ಬಾರದಂತೆ ತಡೆದಿದೆ. ಜಾಗ ಬದಲಿಸೋಣ ಎಂದರೆ ಹೆಂಡತಿ ಒಪ್ಪಲಿಲ್ಲ. ಪಕ್ಕದ ಬೀದಿಯವರು ಟ್ಯಾಂಕು ಸರಿಸಿದ ವರ್ಷವೇ ಅವರ ಮನೆಯಲ್ಲಿ ಹಸು ಸತ್ತಿತ್ತಂತೆ.

ಪೂರ್ವದಲ್ಲಿ ತೆಂಗಿನ ಮರ. ಮರ ದಾಯಾದಿಯದು, ನೆರಳು ನಮ್ಮದು. ಒಂದು ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೆ ಆ ಸಾಲಿನ ಇಳುವರಿಯೇ ಕುಗ್ಗುತ್ತದೆ. ಆರೂ ಪ್ಯಾನೆಲ್ ಒಂದೇ ಸರಪಳಿಯಲ್ಲಿ ಇರುತ್ತವಲ್ಲ, ಅವಿಭಕ್ತ ಕುಟುಂಬದ ಹಾಗೆ: ಒಬ್ಬ ಮುನಿಸಿಕೊಂಡು ಕೂತರೆ ಉಳಿದ ಐವರ ಕೆಲಸವೂ ಕೆಟ್ಟಿತು. ಎರಡು ಗರಿ ಕಡಿಸಪ್ಪ ಎಂದು ದಾಯಾದಿಯನ್ನು ಕೇಳಿದೆ. "ಕಲ್ಪವೃಕ್ಷ ಕಣಣ್ಣ" ಎಂದ. ವಂಶವೃಕ್ಷಕ್ಕೆ ಸೈನ್ ಹಾಕಿಸಿಕೊಳ್ಳುವ ತನಕ ನಾನು ಕಲ್ಪವೃಕ್ಷದ ಮಾತೆತ್ತುವ ಹಾಗಿರಲಿಲ್ಲ.

ಅರ್ಥಿಂಗ್‌ಗೆ ಹಿತ್ತಲಲ್ಲಿ ಮೂರು ಗುಂಡಿ ತೋಡಿದರು. ಪ್ಯಾನೆಲ್ ಕಡೆಗೊಂದು, ಇನ್ವರ್ಟರ್ ಕಡೆಗೊಂದು, ಸಿಡಿಲು ತಡೆಯುವ ಕಂಬಿಗೊಂದು. ಸಂಜೆ ಮಬ್ಬಿನಲ್ಲಿ ಆಳವಾದ ಮೂರು ಗುಂಡಿ, ಪಕ್ಕದಲ್ಲಿ ತಾಮ್ರದ ಕಂಬಿ. ಊರಿನಲ್ಲಿ ಸುದ್ದಿ ಹಬ್ಬಲು ಇಷ್ಟು ಸಾಕು. ಮರುದಿನ ಹಾಲಿನ ಡೇರಿಯಲ್ಲಿ ಒಬ್ಬರು ಕಿವಿಯ ಹತ್ತಿರ ಬಂದು, "ಮೇಷ್ಟ್ರೇ, ಪಾದ್ರಿಗಳ ಕಾಲದ್ದು ಏನಾದ್ರೂ ಸಿಕ್ತಾ?" ಎಂದರು. ಗುಂಡಿಗೆ ಹಾಕಿದ್ದು ಉಪ್ಪು ಇದ್ದಿಲು ಎಂದರೆ ನಂಬಲಿಲ್ಲ. ಉಪ್ಪು ಇದ್ದಿಲಿಗೆ ಯಾರಾದರೂ ಎರಡು ಲಕ್ಷ ಖರ್ಚು ಮಾಡುತ್ತಾರೆಯೇ ಎಂಬ ಅವರ ವಾದದಲ್ಲಿ ತಿರುಳಿತ್ತು.

ಕೊನೆಗೆ ಪ್ಯಾನೆಲ್ ಕೂತವು. ಅಮ್ಮ ಮೆಟ್ಟಿಲು ಹತ್ತಿ ಬಂದು ನೋಡಿದರು. "ಏನ್ಲಾ ಇದು, ಕರೀ ಹಲಗೆ ಹಾಸ್ಬುಟ್ಟಿದ್ದೀಯ? ರಿಟೈರ್ ಆದ್ರೂ ಬೋರ್ಡು ಬಿಡ್ಲಿಲ್ವಲ್ಲ ನೀನು. ಸಂಡಿಗೆ ಎಲ್ಲಿಡೋದು?" ಪ್ಯಾನೆಲ್ ಮುಂದೆ ನಿಂತು ನಾನು ಫೋಟೊ ತೆಗೆಸಿಕೊಳ್ಳಬೇಕಿತ್ತು, ಯೋಜನೆಯ ಜಾಲತಾಣಕ್ಕೆ ಹಾಕಲು ಅದೂ ಒಂದು ದಾಖಲೆ. ಮದುವೆಯ ಆಲ್ಬಮ್ಮಿನಲ್ಲಿ ಕೂಡ ನನ್ನ ಮುಖದಲ್ಲಿ ಅಷ್ಟು ಆತಂಕವಿಲ್ಲ ಎಂದು ಹೆಂಡತಿಯ ಅಂಬೋಣ.

ಅರ್ಜಿ ಹಾಕಿ ಐದನೆಯ ತಿಂಗಳಿಗೆ, ಎರಡೂ ಕಡೆ ಓದುವ ಮೀಟರ್ ಬಂತು. ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎರಡನ್ನೂ ತೋರಿಸುತ್ತದೆ. ನಾನು ಹದಿನೈದು ದಿನ ಅದರ ಮುಂದೆಯೇ ಕೂತಿದ್ದೆ. ಮಧ್ಯಾಹ್ನ ಅಂಕಿ ಏರುವುದನ್ನು ನೋಡಿದರೆ ಮೈ ಜುಂ ಎನ್ನುತ್ತಿತ್ತು. ಊರಿನವರಿಗೆ ಕೇಳುವ ಹಾಗೆ ಫೋನಿನಲ್ಲಿ ಮಗನಿಗೆ ಹೇಳಿದೆ, "ಇವತ್ತು ಹದಿಮೂರು ಯೂನಿಟ್ ಕಣೋ." ಹದಿನಾರನೆಯ ದಿನ ಹನ್ನೆರಡೂವರೆಗೆ ನೆತ್ತಿ ಸುಡುವ ಬಿಸಿಲು. ಆರೂ ಪ್ಯಾನೆಲ್ ಫಳಫಳ. ಕೆಳಗೆ ಅಡುಗೆಮನೆಯಲ್ಲಿ ಮಿಕ್ಸಿ ಗೊರ್ ಎಂದು ನಿಂತಿತು. ಫ್ಯಾನು ನಿಂತಿತು. ಫ್ರಿಜ್ಜು ಒಮ್ಮೆ ಕೊರಗಿ ಸುಮ್ಮನಾಯಿತು.

ಫ್ಯೂಸ್ ನೋಡಿದೆ, ಸರಿಯಾಗಿದೆ. ಇನ್ವರ್ಟರ್ ನೋಡಿದೆ, ಕೆಂಪು ದೀಪ. ಹುಡುಗನಿಗೆ ಫೋನ್ ಮಾಡಿದೆ.

"ಲೈನ್ ಹೋಗಿದ್ಯಾ ಸಾರ್?"

"ಲೈನ್ ಹೋದ್ರೆ ನಂಗೇನಪ್ಪ? ನನ್ನ ಸೂರ್ಯ ಇದ್ದಾನಲ್ಲ."

"ಲೈನ್ ಹೋದ್ರೆ ಇದೂ ಆಫ್ ಆಗ್ತದೆ ಸಾರ್. ಆನ್-ಗ್ರಿಡ್ ಅಲ್ವಾ, ಹಂಗೇ ಅದು."

ಎರಡು ಲಕ್ಷದ ಹತ್ತಿರ ಸುರಿದು, ಅಜ್ಜನನ್ನು ಸಾಯಿಸಿ, ದಾಯಾದಿಗಳ ಕಾಲು ಹಿಡಿದು ನಾನು ಹಾಕಿಸಿದ ಸೋಲಾರ್, ಕರೆಂಟು ಇರುವಾಗ ಮಾತ್ರ ಕರೆಂಟು ಕೊಡುತ್ತದೆ. ಕರೆಂಟು ಹೋದಾಗ ಹೋಗುತ್ತದೆ. ಇದಕ್ಕೆ ಆಂಟಿ-ಐಲೆಂಡಿಂಗ್ ಎಂದು ಹೆಸರು; ಕೈಪಿಡಿಯ ನಡುವೆ ಎಲ್ಲೋ ಇಂಗ್ಲಿಷಿನಲ್ಲಿತ್ತು. ಊರಿಗೆಲ್ಲ ಲೈನು ಸತ್ತಿರುವಾಗ ನಿಮ್ಮ ಮನೆಯೊಂದೇ ಉರಿಯುತ್ತ ನಡುಗಡ್ಡೆಯಾಗಬಾರದು ಎಂಬ ನಿಯಮ. ಮಳೆಗಾಲದ ಶೆಟ್ಟಿಹಳ್ಳಿಯವರಿಗೆ ನಡುಗಡ್ಡೆಯ ಪಾಠ ಹೇಳಬೇಕಾಗಿಲ್ಲ, ಬಿಡಿ.

ಸಂಜೆ ಲೈನ್‌ಮನ್ ಸಿಕ್ಕಿದ. ನನ್ನ ಶಿಷ್ಯನೇ. ಜೋರು ಮಾಡಿದೆ. ಅವನು ಕೈಕಟ್ಟಿ ನಿಂತು ಕೇಳಿ, ಮೆಲ್ಲಗೆ, "ಮೇಷ್ಟ್ರೇ, ಲೈನ್ ಆಫ್ ಮಾಡಿ ನಾನು ಕಂಬ ಹತ್ತಿರ್ತೀನಿ. ನೀವು ಮನೆಯಿಂದ ಕರೆಂಟ್ ಬಿಟ್ರೆ ನಾನು ಅಲ್ಲೇ ಕರಕಲು" ಎಂದ. ಅದಕ್ಕೆ ಉತ್ತರವಿಲ್ಲ. ನಿಯಮ ನೂರಕ್ಕೆ ನೂರು ಸರಿ. ಬೆಪ್ಪಾದವನು ನಾನು. ಲೈನ್ ಹೋದಾಗಲೂ ಮನೆ ಬೆಳಗಬೇಕೆಂದರೆ ಬ್ಯಾಟರಿ ಬೇಕು, ಹೈಬ್ರಿಡ್ ಇನ್ವರ್ಟರ್ ಬೇಕು, ಅದರ ದುಡ್ಡು ಬೇರೆ, ಸಬ್ಸಿಡಿ ಬ್ಯಾಟರಿಗಲ್ಲ. ಸಹಿ ಹಾಕಿಸಿಕೊಂಡ ಹತ್ತೊಂಬತ್ತು ಹಾಳೆಗಳಲ್ಲಿ ಈ ಒಂದು ಸಾಲನ್ನು ಕನ್ನಡದಲ್ಲಿ ಯಾರೂ ಹೇಳಲಿಲ್ಲ. ಆವತ್ತು ಪಕ್ಕದ ಮನೆಯಲ್ಲಿ ಹಳೆಯ ಯುಪಿಎಸ್ ಮೇಲೆ ಫ್ಯಾನು ತಿರುಗುತ್ತಿತ್ತು. ಆ ಮನೆಯವರು ಜಗಲಿಗೆ ಬಂದು ಕೂಗಿದರು, "ಮೇಷ್ಟ್ರೇ, ಸೆಕೆ ಆದ್ರೆ ಬನ್ನಿ, ಇಲ್ಲೇ ಕೂತ್ಕೊಳಿ."

ನಮ್ಮ ಹಾಸನದಲ್ಲೇ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರವಿದೆ, 1982ರಿಂದ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನಡೆಸುತ್ತಾರೆ. ಅವೆಲ್ಲವೂ ಸೋಲಾರ್ ಮೇಲೆಯೇ ಬದುಕಿರುವುದು. ಅವಕ್ಕೂ ಲೋಡ್ ಶೆಡ್ಡಿಂಗ್ ಉಂಟು: ಮಾರ್ಚ್ ಮತ್ತು ಸೆಪ್ಟೆಂಬರಿನ ಆಚೀಚೆ ಸುಮಾರು ನಲವತ್ತೈದು ದಿನ ಭೂಮಿಯ ನೆರಳು ಅವುಗಳ ಮೇಲೆ ಬೀಳುತ್ತದೆ, ದಿನಕ್ಕೆ ಹೆಚ್ಚೆಂದರೆ 72 ನಿಮಿಷ. ಅಷ್ಟು ಹೊತ್ತು ಬ್ಯಾಟರಿ. ಯಾವ ದಿನ ಎಷ್ಟು ಗಂಟೆಗೆ ಕತ್ತಲು, ಎಷ್ಟು ಗಂಟೆಗೆ ಬೆಳಕು ಎಂಬ ಪಟ್ಟಿ ಮೊದಲೇ ಅವರ ಕೈಯಲ್ಲಿರುತ್ತದೆ. ಅಲ್ಲಿಗೂ ನಮ್ಮೂರಿಗೂ ಒಂದು ಸಿಟಿ ಬಸ್ಸಿನ ದೂರ. ಆಕಾಶದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹಾಸನಕ್ಕೆ ಗೊತ್ತು. ಶೆಟ್ಟಿಹಳ್ಳಿಯಲ್ಲಿ ಯಾವಾಗ ಹೋಗುತ್ತದೆ ಎಂಬುದು ದೇವರಿಗೆ ಬಿಟ್ಟದ್ದು.

ಕರೆಂಟಿನ ಜಾತಕವೇ ಹೀಗೋ ಏನೋ. ಶಿವನಸಮುದ್ರದಲ್ಲಿ 1902ರಲ್ಲಿ ಅದು ಹುಟ್ಟಿದಾಗ ಪಕ್ಕದ ಹಳ್ಳಿಗಳ ನೆತ್ತಿಯ ಮೇಲೆ ಹಾದು ನೇರ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಹುಟ್ಟಿದ ಮನೆಯಲ್ಲಿ ನಿಲ್ಲುವ ಅಭ್ಯಾಸ ಅದಕ್ಕೆ ಮೊದಲಿನಿಂದಲೂ ಇಲ್ಲ. ಈಗ ನಮ್ಮ ತಾರಸಿಯಲ್ಲಿ ಹುಟ್ಟುವುದೂ ಹಗಲೆಲ್ಲ ಹೊರಗೆ ಹೋಗುತ್ತದೆ. ಹಗಲು ಮನೆಯಲ್ಲಿ ಇರುವುದು ಅಮ್ಮ, ನಾನು, ಒಂದು ಫ್ಯಾನು. ರಾತ್ರಿ ನಮಗೆ ಬೇಕಾದಾಗ ಅದೇ ಕಂಬದಿಂದ ಒಳಗೆ ಬರುತ್ತದೆ. ಒಂದಕ್ಕೊಂದು ವಜಾ ಮಾಡಿ, ಮಿಕ್ಕದ್ದನ್ನು ಅವರು ಕೊಳ್ಳುತ್ತಾರೆ. ಕೊಳ್ಳುವ ದರ ಒಂದು, ಮಾರುವ ದರ ಇನ್ನೊಂದು. ಯಾವುದು ಕಡಿಮೆ ಎಂದು ಹಾಸನದವರನ್ನು ಕೇಳಬೇಡಿ. ಜಲಂಧರದ ಬಿತ್ತನೆ ಆಲೂಗಡ್ಡೆಗೆ ಕೇಳಿದಷ್ಟು ಕೊಟ್ಟು, ಅಂಗಮಾರಿಗೆ ಔಷಧಿ ಹೊಡೆದು, ಬೆಳೆದದ್ದನ್ನು ಎಪಿಎಂಸಿಯಲ್ಲಿ ಅವರು ಹೇಳಿದ ರೇಟಿಗೆ ಸುರಿದು, ಬರುವಾಗ ಮೊಮ್ಮಗನಿಗೆ ಹತ್ತು ರೂಪಾಯಿಯ ಚಿಪ್ಸ್ ಪ್ಯಾಕೆಟ್ ತರುವ ಜನ ನಾವು. ಒಡೆದು ನೋಡಿದರೆ ಒಳಗೆ ಅರ್ಧ ಗಾಳಿ.

ಜುಲೈ ಬಂತು. ಮೂರು ವಾರ ಸೂರ್ಯನ ಮುಖ ಕಾಣಲಿಲ್ಲ. ಅತ್ತ ಹಿನ್ನೀರು ಏರಿ ಚರ್ಚು ಕಮಾನಿನವರೆಗೆ ಮುಳುಗಿತು, ಇತ್ತ ನನ್ನ ಮೀಟರಿನ ಅಂಕಿಯೂ ಮುಳುಗಿತು. ದಿನಕ್ಕೆ ಮೂರು, ಎರಡೂವರೆ. ಚರ್ಚು ನೋಡಲು ಬಂದಿದ್ದ ಪ್ರವಾಸಿಗಳಲ್ಲೊಬ್ಬ ಡ್ರೋನ್ ಹಾರಿಸಿ ನಮ್ಮ ತಾರಸಿಯನ್ನೂ ಹಿಡಿದ. ವಿಡಿಯೊ ಮಗನ ಫೋನಿಗೆ ಬಂತು. ಬೂದು ನೀರು, ಬೂದು ಆಕಾಶ, ನಡುವೆ ಆರು ಕರೀ ಹಲಗೆ. ಕೆಳಗೆ ಯಾರೋ ಬರೆದಿದ್ದರು, ವಾವ್, ಸ್ಮಾರ್ಟ್ ವಿಲೇಜ್.

ಹಾಕಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ನನ್ನ ಬಿಲ್ಲು ನಿಗದಿತ ಶುಲ್ಕಕ್ಕೆ ಇಳಿದಿದೆ, ಅದು ಸುಳ್ಳಲ್ಲ. ಹಾಕಿಸುವವರು ಮೊದಲು ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆ ನೋಡಿ. ಮಧ್ಯಾಹ್ನ ಮೂರಕ್ಕೆ ತಾರಸಿ ಹತ್ತಿ ಟ್ಯಾಂಕಿನ ನೆರಳು ಎಲ್ಲಿ ಬೀಳುತ್ತದೆ ನೋಡಿ. ಲೈನ್ ಹೋದಾಗ ಏನಾಗುತ್ತದೆ ಎಂದು ಕನ್ನಡದಲ್ಲಿ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ಸಬ್ಸಿಡಿ 78,000 ಬಂತು. ಮೀಟರಿನ ಹೆಸರೂ ಬದಲಾಯಿತು: ಅಜ್ಜನ ಹೆಸರು ಹೋಗಿ ಅಪ್ಪನ ಹೆಸರು ಬಂದಿದೆ. ಅಪ್ಪ ಹೋಗಿ ಒಂಬತ್ತು ವರ್ಷ. ಈ ಸಲದ ಸಂಡಿಗೆಯನ್ನು ಹಾಸನದ ಅಂಗಡಿಯಿಂದ ತಂದೆವು. ಪ್ಯಾಕೆಟ್ ಮೇಲೆ 'ಬಿಸಿಲಿನಲ್ಲಿ ಒಣಗಿಸಿದ್ದು' ಎಂದು ಅಚ್ಚು ಹಾಕಿದ್ದಾರೆ, ಅದಕ್ಕೇ ಐದು ರೂಪಾಯಿ ಜಾಸ್ತಿ.